ಸಾಮಿ ಕಾರಿನ ಎಫ್‌ಸಿ

ಜುಲೈ ಹತ್ತು, ಗುರುವಾರ, ಮಧ್ಯಾಹ್ನ ಎರಡೂಕಾಲು. ತಮಿಳು ಸೀಮೆಯ ಗೂಡಲೂರು ಠಾಣೆಗೆ ಆ ದಿನದ ದೂರು ಕಾಗದದಲ್ಲಿ ಬರಲಿಲ್ಲ, ಬರಿಗಾಲಲ್ಲಿ ಓಡಿಕೊಂಡು ಬಂತು. ಕುಮಳಿ ಘಾಟಿ ಇಳಿದು ಊರು ಶುರುವಾಗುವ ತಿರುವಿನಲ್ಲಿ ಹಲಸಿನ ಹಣ್ಣು ಮಾರುವ ಮುನಿಯಮ್ಮಾಳ್ ಎಂಬಾಕೆಯ ಮಗ ಅವನು. ಅಂಗಿ ತುಂಬ ರಕ್ತ, ಅವನದಲ್ಲ.

"ಕಲ್ಯಾಣದ ಕಾರು ನಮ್ಮವ್ವನ ಮೇಲೆ ಹತ್ತಿಬಿಡ್ತು" ಎಂದು ಅಷ್ಟೇ ಹೇಳಿ ಬಾಗಿಲಲ್ಲೇ ಕುಸಿದ.

ಇನ್‌ಸ್ಪೆಕ್ಟರ್ ಮುತ್ತುಸೆಲ್ವಿ ಊಟದ ಡಬ್ಬಿ ಮುಚ್ಚಿಟ್ಟು ಎದ್ದಳು. ಹೆಡ್ ಕಾನ್‌ಸ್ಟೆಬಲ್ ಮಣಿಮೇಗಲೈ ಜೀಪು ಸ್ಟಾರ್ಟ್ ಮಾಡಿ ಆಗಲೇ ಕಾಯುತ್ತಿದ್ದಳು. ಊಟದ ಹೊತ್ತಿಗೆ ಸರಿಯಾಗಿ ಅನಾಹುತ ಆಗುವುದು ಈ ಠಾಣೆಯ ಹಣೆಬರಹ, ಅದರ ಬಗ್ಗೆ ಗೊಣಗುವುದನ್ನೂ ಇಬ್ಬರೂ ಬಿಟ್ಟು ವರ್ಷವಾಗಿತ್ತು.

ಸ್ಥಳದಲ್ಲಿ ಜನವೋ ಜನ. ಕೆನೆಬಣ್ಣದ ಹಳೇ ಅಂಬಾಸಡರ್ ಕಾರು, ಅರವತ್ತನಾಲ್ಕನೇ ಇಸವಿಯದು, ಗುಡ್ಡದ ಮಣ್ಣಿಗೆ ಮೂತಿ ಗುದ್ದಿಕೊಂಡು ನಿಂತಿತ್ತು. ಮೈತುಂಬ ಮಲ್ಲಿಗೆ ಸರ. ಹಿಂದಿನ ಚಕ್ರದಡಿ ಹಲಸಿನ ತೊಳೆಗಳು ಅಪ್ಪಚ್ಚಿಯಾಗಿದ್ದವು. ಮದುಮಗಳು ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಬಿಕ್ಕುತ್ತಿದ್ದಳು. ಮುನಿಯಮ್ಮಾಳನ್ನು ಆಂಬುಲೆನ್ಸ್ ತೇನಿಯ ಆಸ್ಪತ್ರೆಗೆ ಒಯ್ದಾಗಿತ್ತು.

ಡ್ರೈವರ್ ಪಾಂಡಿಯರಾಜನ್‌ನನ್ನು ಜನ ಆಗಲೇ ನಾಲ್ಕು ಬಾರಿಸಿದ್ದರು. ಐವತ್ತು ದಾಟಿದ ಆಸಾಮಿ, ತುಟಿ ಒಡೆದಿತ್ತು.

"ಏನಾಯ್ತು?" ಮುತ್ತುಸೆಲ್ವಿ ತಮಿಳಿನಲ್ಲಿ ಕೇಳಿದಳು.

"ಬ್ರೇಕ್ ಹಿಡೀಲಿಲ್ಲಮ್ಮ. ಘಾಟಿಯ ಅರ್ಧದಲ್ಲಿ ಚಕ್ರ ಬಿಗಿದ ಹಾಗಾಯ್ತು, ಸುಟ್ಟ ವಾಸನೆ ಬಂತು. ಆಮೇಲೆ ಕಾಲಿಟ್ರೆ ಪೆಡಲ್ ನೆಲಕ್ಕೇ ಹೋಯ್ತು. ಎದುರಿಗೆ ಸ್ಕೂಲ್ ವ್ಯಾನು. ಗುಡ್ಡಕ್ಕೆ ಹೊಡೆದೆ. ಆ ಅಕ್ಕ ಅಲ್ಲಿ ಕೂತಿದ್ದು ಕಾಣಲೇ ಇಲ್ಲ."

"ಸುಳ್ಳು!" ಮದುಮಗನ ಸೋದರಮಾವ ನುಗ್ಗಿ ಬಂದ. "ಪೆಟ್ರೋಲ್ ಉಳಿಸೋಕೆ ಇಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟ. ನೋಡಿ, ಮೊನ್ನೆ ಮೊನ್ನೆ ಎಫ್‌ಸಿ ಆಗಿರೋ ಗಾಡಿ."

ಗಾಜಿನ ಮೇಲೆ ಹೊಸ ಕಾಗದ ಹೊಳೆಯುತ್ತಿತ್ತು. ಬಾಡಿಗೆಗೆ ಓಡುವ ಹಳೇ ಗಾಡಿಯ ಬ್ರೇಕು, ದೀಪ, ಟೈರು ಎಲ್ಲ ತಪಾಸಿಸಿ, ರಸ್ತೆಗೆ ಇಳಿಯಬಹುದು ಎಂದು ವರ್ಷಕ್ಕೊಮ್ಮೆ ಸರ್ಕಾರ ಕೊಡುವ ಸರ್ಟಿಫಿಕೇಟ್ ಅದು. ಜೂನ್ ಇಪ್ಪತ್ತನಾಲ್ಕು, ದಿಂಡುಗಲ್ ತಪಾಸಣಾ ಕೇಂದ್ರ. ಬ್ರೇಕ್: ಉತ್ತಮ. ಯಾವ ದೋಷವೂ ಇಲ್ಲ.

ಕಾಗದಕ್ಕೆ ಮೊಹರಿದೆ, ಡ್ರೈವರನ ಬಾಯಿಗೆ ಮೊಹರಿಲ್ಲ. ಸಂಜೆ ಎಫ್‌ಐಆರ್ ಆಯಿತು. ಗೊತ್ತಿದ್ದೂ ಜನರ ಪ್ರಾಣಕ್ಕೆ ಸಂಚಕಾರ ತಂದ ಎಂಬ ಕಲಂ ಸೇರಿತು, ಜಾಮೀನು ಸಿಗಲಿಲ್ಲ. ಸಬ್‌ಜೈಲಿಗೆ ಕಳಿಸುವ ಮುಂಚೆ ಪಾಂಡಿಯರಾಜನ್ ಒಂದೇ ಮಾತು ಹೇಳಿದ.

"ಅಮ್ಮಾ, ಸ್ಟೇರಿಂಗ್ ಹಿಡಿದಾಗಿನಿಂದ ಒಂದು ಕೋಳಿಮರಿ ಮೇಲೂ ಗಾಡಿ ಹತ್ತಿಸಿದವನಲ್ಲ ನಾನು. ಆ ಅಕ್ಕ ಹೋಗಿಬಿಟ್ಟರೆ ನಾನು ಕೊಲೆಗಾರ. ಗಾಡಿ ಒಮ್ಮೆ ಬಿಚ್ಚಿ ನೋಡಿಸಿ."

ಈ ಮಾತು ಮುತ್ತುಸೆಲ್ವಿಯ ತಲೆಯೊಳಗೆ ಕೊರೆಯತೊಡಗಿತು. ಸುಳ್ಳು ಹೇಳುವವರು ಸಾಮಾನ್ಯವಾಗಿ ಗಾಡಿ ಬಿಚ್ಚಿ ಎನ್ನುವುದಿಲ್ಲ.

*

ಮರುದಿನ ತೇನಿ ಆಸ್ಪತ್ರೆಗೆ ಹೋದರೆ ಮುನಿಯಮ್ಮಾಳ್‌ಗೆ ಇನ್ನೂ ಪ್ರಜ್ಞೆ ಇಲ್ಲ. ಕಾಲು ಮುರಿದಿದೆ, ತಲೆಗೆ ಪೆಟ್ಟು. "ಉಳೀತಾರೋ ಇಲ್ವೋ ನಾಳೆ ನಾಡಿದ್ದರಲ್ಲಿ ಗೊತ್ತಾಗುತ್ತೆ" ಎಂದ ಡಾಕ್ಟರು ಅಲ್ಲಿಂದ ಕಾಲ್ತೆಗೆದ. ಪಡಸಾಲೆಯ ಬೆಂಚಿನ ತುದಿಯಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಹಾಲಿನ ಫ್ಲಾಸ್ಕು ಹಿಡಿದು ಕೂತಿದ್ದಳು. ಡಾಕ್ಟರು ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಸೆರಗನ್ನು ಬಾಯಿಗೊತ್ತಿಕೊಂಡಳು. ಎಡಗೈಯ ಮಣಿಕಟ್ಟು ಸೊಟ್ಟಗಿತ್ತು, ಎಂದೋ ಮುರಿದು ಹಾಗೇ ಕೂಡಿಕೊಂಡ ಹಾಗೆ.

ನಂಟರಿರಬೇಕು ಎಂದುಕೊಂಡು ಮುತ್ತುಸೆಲ್ವಿ ಮುಂದೆ ನಡೆದಳು.

ಶನಿವಾರ ಬೆಳಿಗ್ಗೆ ಮೋಟಾರು ವಾಹನ ಇನ್‌ಸ್ಪೆಕ್ಟರ್ ಲೋಗೇಶ್ ಠಾಣೆಯ ಅಂಗಳಕ್ಕೆ ಬಂದ. ಎಳೆಯ ವಯಸ್ಸು, ಇಸ್ತ್ರಿ ಕೆಡದ ಅಂಗಿ. ಪಂಚರಾಗಿ ಎದುರಿನ ಬಾಳೆಮಂಡಿಯವರಿಬ್ಬರನ್ನು ಕರೆಸಲಾಯಿತು. ಲೋಗೇಶ್ ಬಾನೆಟ್ ಎತ್ತಿದವನೇ ಹಿಂದೆ ಸರಿದ.

"ಥೂ, ಇರುವೆ."

ಕೆಂಪಿರುವೆ ಸಾಲು ಮುಂಚಕ್ರ ಹತ್ತಿ, ಇಂಜಿನ್ ಪಕ್ಕದಿಂದ ಬ್ರೇಕ್ ಆಯಿಲ್ ಡಬ್ಬಿಯ ಬುಡಕ್ಕೆ ಹೋಗಿತ್ತು. ಅಲ್ಲೊಂದು ಕಂದು ಮುದ್ದೆ, ಕಾವಿಗೆ ಕರಗಿ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಲೋಗೇಶ್ ಬಟ್ಟೆ ತೆಗೆದು ಒರೆಸಲು ಹೋದ.

"ಮುಟ್ಟಬೇಡಿ!"

ಮುತ್ತುಸೆಲ್ವಿಯ ದನಿಗೆ ಪಂಚರೂ ಬೆಚ್ಚಿದರು. ಅವಳು ಬಗ್ಗಿ ಮೂಸಿದಳು. ಬೆಲ್ಲ.

"ಬೆಲ್ಲಾನೇ. ಯಾರೋ ಪೊಂಗಲ್ ತಿಂದು ಬೀಳಿಸಿದ್ದಾರೆ ಬಿಡಿಮ್ಮ" ಎಂದಳು ಮಣಿಮೇಗಲೈ.

"ಬಾನೆಟ್ ಒಳಗೆ ಕೂತು ಪೊಂಗಲ್ ತಿಂತಾರಾ ನಿಮ್ಮೂರಲ್ಲಿ? ಪಂಚನಾಮೆಯಲ್ಲಿ ಬರಿ. ಫೋಟೋ ತೆಗಿ. ಬೇರೆ ಕವರ್‌ನಲ್ಲಿ ಹಾಕು."

ಲೋಗೇಶ್ ಡಬ್ಬಿಯ ಮುಚ್ಚಳ ತಿರುಗಿಸಿ, ಬೆರಳದ್ದಿ, ಉಜ್ಜಿ ನೋಡಿದ. ಆಮೇಲೆ ಮುಂಚಕ್ರ ಬಿಚ್ಚಿಸಿ ಒಳಗಿನ ರಬ್ಬರ್ ವಾಷರನ್ನು ಅಂಗೈಮೇಲಿಟ್ಟು ತೋರಿಸಿದ. ಉಬ್ಬಿ, ಅಂಚು ಹರಿದು, ನೆನೆದ ಹುಣಿಸೆಬೀಜದ ಹಾಗಿತ್ತು.

"ಬ್ರೇಕ್ ಆಯಿಲ್‌ಗೆ ಇಂಜಿನ್ ಆಯಿಲ್ ಬೆರೆಸಿದ್ದಾರೆ. ಬೆರೆಸಿದರೆ ರಬ್ಬರ್ ಊದಿಕೊಳ್ಳುತ್ತೆ. ಒಂದೇ ದಿನಕ್ಕೆ ಅಲ್ಲ, ಎರಡು ಮೂರು ದಿನ ಬೇಕು. ಸಮತಟ್ಟು ರಸ್ತೆಯಲ್ಲಿ ಆದರೆ ಬ್ರೇಕ್ ಬಿಗಿಯುತ್ತೆ, ಗಾಡಿ ಎಳೆಯಲ್ಲ, ನಿಂತುಬಿಡುತ್ತೆ. ಘಾಟಿ ಇಳಿವಾಗ ಕಾದು ಕಾದು, ರಬ್ಬರ್ ಹರಿದು, ಪೆಡಲ್ ನೆಲಕ್ಕೆ."

"ಎಫ್‌ಸಿ ಮಾಡಿದಾಗ?"

"ಆವತ್ತು ಇದು ಇದ್ದಿದ್ದರೆ ಯಂತ್ರವೇ ಒಪ್ಪುತ್ತಿರಲಿಲ್ಲ. ಎಫ್‌ಸಿ ಸರಿಯಾಗೇ ಆಗಿದೆ. ಆಮೇಲೆ ಯಾರೋ ಹಾಕಿದ್ದಾರೆ."

"ಡ್ರೈವರ್?"

"ತಾನೇ ಓಡಿಸೋ ಗಾಡಿಗೆ?" ಲೋಗೇಶ್ ಭುಜ ಕುಣಿಸಿದ.

ಮುತ್ತುಸೆಲ್ವಿ ಬೆಲ್ಲದ ಕವರನ್ನು ಕೈಗೆತ್ತಿಕೊಂಡಳು. ಅವಳ ಮನೆಮಾತು ಕನ್ನಡ. ಯಾವ ಕಾಲದಲ್ಲೋ ದನ ಹೊಡಕೊಂಡು ಈ ಕಣಿವೆಗೆ ಬಂದು ನೆಲೆಸಿದ ಒಕ್ಕಲು ಮಕ್ಕಳು. ಅವರಲ್ಲಿ ಕೆಲವು ಮನೆಗಳವರು ದೇವರಿಗೆಂದು ಹಸು ಬಿಡುತ್ತಾರೆ. ಬಿಟ್ಟ ಹಸುವನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ, ಅದು ತಿರುಗಿ ಮನೆ ಕೊಟ್ಟಿಗೆಗೆ ಬರುವಂತಿಲ್ಲ. ಅದನ್ನು ಮುಟ್ಟಬೇಕಾದರೆ ಮೊದಲು ಬಾಯಿಗೆ ಬೆಲ್ಲ ಕೊಟ್ಟು ಅಪ್ಪಣೆ ಕೇಳಬೇಕು. ಚಿಕ್ಕಂದಿನಲ್ಲಿ ಅಜ್ಜಿ ಅವಳ ಕೈಗೂ ಬೆಲ್ಲ ಕೊಟ್ಟು, "ಉತ್ತರವು ಕೇಳು ಕಣ್ಣು, ಕೇಳಿ ಆಮೇಲೆ ಮುಟ್ಟು" ಎಂದಿದ್ದು ನೆನಪಿತ್ತು, ಉತ್ತರವು ಅಂದರೆ ಅವರ ಮಾತಿನಲ್ಲಿ ಅಪ್ಪಣೆ.

ಪಾಂಡಿಯರಾಜನ್‌ಗೆ ಈ ಪದ್ಧತಿಯ ಗಾಳಿಗಂಧವಿಲ್ಲ. ಬ್ರೇಕು ಕೆಡಿಸಲು ಬಂದವರು ಮೊದಲು ಕಾರಿನ ಅಪ್ಪಣೆ ಕೇಳಿದ್ದಾರೆ. ಎಂದರೆ, ನಮ್ಮವರೇ.

*

ಕಾರಿನ ಯಜಮಾನ ತಂಗರಾಜ್ ಹನುಮಂತನಪಟ್ಟಿಯವರು. ದ್ರಾಕ್ಷಿ ಚಪ್ಪರದ ನಡುವೆ ಮನೆ, ಮನೆ ಪಕ್ಕ ಕಾರಿಗೇ ಒಂದು ಕೊಟ್ಟಿಗೆ, ನೆಲಕ್ಕೆ ಸಗಣಿ ಸಾರಿಸಿತ್ತು. ಎಪ್ಪತ್ತು ದಾಟಿದ ಮುದುಕರು ಪೊಲೀಸ್ ಜೀಪು ಕಂಡು ಮುಖ ಗಂಟಿಕ್ಕಿದರು. ಇನ್‌ಸ್ಪೆಕ್ಟರ್ ಬಾಯಿಂದ ಕನ್ನಡ ಬಂದದ್ದೇ ತಡ, ಮುಖ ಅರಳಿತು.

"ಅರೆ, ನಮ್ಮೋರ ಮಗಳಾ ನೀನು? ಬಾ ತಾಯಿ, ಕೂರು. ಮಜ್ಜಿಗೆ ತತ್ತೀನಿ."

ಮಜ್ಜಿಗೆ ಕುಡಿಯುತ್ತ ಮುತ್ತುಸೆಲ್ವಿ ಕಾರಿನ ಮಾತೆತ್ತಿದಳು. ಅವಳ ಕನ್ನಡಕ್ಕೆ ತುಕ್ಕು ಹಿಡಿದಿತ್ತು, ನಡುನಡುವೆ ತಮಿಳು ನುಗ್ಗುತ್ತಿತ್ತು. ಮುದುಕರಿಗೆ ಅದು ತಪ್ಪೆನಿಸಲಿಲ್ಲ, ಅವರದೂ ಹಾಗೇ.

"ನಮ್ಮಪ್ಪಾರು ಸಾಮಿಗೆ ಬಿಟ್ಟ ಕಾರು ತಾಯಿ ಅದು. ಹಸು ಬಿಡೋ ಹಾಗೆ ಕಾರು ಬಿಟ್ರು. ಕಲ್ಯಾಣ ಆಗಿ ಗಂಡನ ಮನೆಗೆ ಹೋಗೋ ಹೆಣ್ಣು ಅದ್ರಲ್ಲೇ ಹೋಗ್ಬೇಕು. ಕಣಿವೆಯಲ್ಲಿ ಎಲ್ರೂ ಕೇಳ್ತಾರೆ."

"ಎಫ್‌ಸಿ ಯಾವಾಗ್ಲೂ ಪಾಸಾ ತಾತಾ?"

"ಕೇಳ್ತೀಯಲ್ಲ! ನೆನ್ನೆ ಮೊನ್ನೆ ಬಂದ ಗಾಡಿಗಳೇ ಮೂರು ಸಲ ಫೇಲಾಗಿ ಬತ್ತವೆ. ಇದು ಹೋದ್ರೆ ಪಾಸು. ಪ್ರತಿ ವರ್ಷ ಆಡಿ ತಿಂಗಳಲ್ಲಿ ಕಲ್ಯಾಣ ಇರಲ್ಲ ನೋಡು, ಆಗ ಬಿಚ್ಚಿ, ತೊಳೆದು, ತೇನಿಗೆ ಹೊಡ್ಕೊಂಡು ಹೋಗೋದು."

"ಈ ಸಲ ಆಡಿಗೆ ಮುಂಚೆನೇ, ದಿಂಡುಗಲ್‌ಗೆ ಹೋಗಿದೆಯಲ್ಲ?"

"ಈಗೆಲ್ಲ ಕಂಪ್ಯೂಟರು ಕಾಲ. ಅದು ಆಡಿಗೆ ಮುಂಚಿನ ಆನಿ ತಿಂಗಳಲ್ಲೇ ದಿನ ಕೊಡ್ತು. ಪಾಂಡಿ ಕೈಲಿ ಕಳಿಸಿದೆ. ಯಾರಿಗೂ ಹೇಳ್ಲಿಲ್ಲ, ಹೇಳೋಕೇನಿದೆ. ಕಾಗದ ಪೆಟ್ಟಿಗೇಲಿ ಇತ್ತು, ಗುರುವಾರ ಕಲ್ಯಾಣಕ್ಕೆ ಹೊರಡೋವಾಗ ಪಾಂಡೀನೇ ಅಂಟಿಸ್ದ. ಆ ಕಲ್ಯಾಣಾನೂ ದಿಢೀರಂತ ಬಂದದ್ದು. ಅವ್ರು ಮಾತಾಡಿದ್ದ ಕಾರು ಕೈಕೊಟ್ಟಿತ್ತು, ಹಿಂದಿನ ಸಂಜೆ ಓಡಿಬಂದು ಕೇಳಿದ್ರು."

"ಎಂದೂ ಫೇಲೇ ಆಗಿಲ್ವಾ?"

ತಂಗರಾಜ್ ನಕ್ಕರು. ನಗುವಾಗ ಹಲ್ಲಿಲ್ಲದ ಬಾಯಿ ಮಗುವಿನ ಬಾಯಿಯ ಹಾಗಾಯಿತು.

"ಒಂದೇ ಸಲ. ನಮ್ಮ ನಾಗು, ಮಗಳು ನಾಗಮ್ಮಾಳು, ಆಗ ಇಷ್ಟಿದ್ಳು. ನನ್ಗೆ ಸಹಾಯ ಮಾಡ್ತೀನಿ ಅಂತ ಬ್ರೇಕ್ ಡಬ್ಬಿಗೆ ಇಂಜಿನ್ ಎಣ್ಣೆ ಸುರಿದುಬಿಟ್ಟಳು. ತಪಾಸಣೆ ಜಾಗಕ್ಕೆ ಹೋಗಿ ಚಕ್ರ ಹಿಡ್ಕೊಂಡುಬಿಡ್ತು, ಅಲ್ಲಾಡಲ್ಲ! ನಾನು ಬೈದೆ ನೋಡು, ಮೂರು ದಿನ ಅತ್ತಳು ಪಾಪ."

ಮಣಿಮೇಗಲೈಗೆ ಕನ್ನಡ ಬಾರದು, ಆದರೆ ಮೇಡಂ ಕೈಯ ಲೋಟ ನಡುವಲ್ಲೇ ನಿಂತದ್ದು ಕಂಡಳು.

ಮುತ್ತುಸೆಲ್ವಿ ಲೋಟ ಕೆಳಗಿಟ್ಟಳು. ಈ ಮನುಷ್ಯನ ಮಜ್ಜಿಗೆ ಕುಡಿದು ಇವರದೇ ಮಾತಿನಲ್ಲಿ ಇವರ ಕುತ್ತಿಗೆಗೆ ಹಗ್ಗ ಹಾಕುತ್ತಿದ್ದೇನೆ ಎನಿಸಿತು. ಆದರೆ ಸಬ್‌ಜೈಲಿನಲ್ಲಿ ಕೂತವನ ಒಡೆದ ತುಟಿಯೂ ಕಣ್ಣಮುಂದಿತ್ತು.

"ತಾತಾ, ಕಾರು ಮುಟ್ಟೋಕೆ ಮುಂಚೆ ಬೆಲ್ಲ ಎಲ್ಲಿ ಇಡ್ತೀರಿ?"

"ಚಕ್ರದ ಮುಂದೆ, ನೆಲದ ಮೇಲೆ."

"ಬಾನೆಟ್ ಒಳಗೆ?"

"ಒಳಗೆ ಯಾರಿಡ್ತಾರೆ? ಅದೇ ಕಾರಿನ ಬಾಯಿ ಅಂತ ಎತ್ತಿ ಒಳಗಿಡ್ತಿದ್ದೋಳು ಒಬ್ಬಳೇ..."

ಮುದುಕರ ಮುಖ ನೋಡುನೋಡುತ್ತಲೇ ಬಿಳಿಚಿತು. ಚಪ್ಪರದಲ್ಲಿ ಗಿಳಿಗಳು ಗಲಾಟೆ ಮಾಡುತ್ತಿದ್ದವು, ಓಡಿಸಲು ಯಾರೂ ಏಳಲಿಲ್ಲ.

"ನಾನೇ ಇಟ್ಟೆ" ಎಂದರು ತಂಗರಾಜ್. "ಬರ್ಕೋ. ಎಣ್ಣೆ ಹಾಕಿದ್ದೂ ನಾನೇ."

"ಎಣ್ಣೆ ಹಾಕಿದ್ದಾರೆ ಅಂತ ನಾನು ಹೇಳೇ ಇಲ್ಲ ತಾತಾ."

ಮುದುಕರು ಟವೆಲಿನಿಂದ ಮುಖ ಮುಚ್ಚಿಕೊಂಡರು.

"ಅವಳು ಯಾವತ್ತು ಬಂದಿದ್ಳು?"

ಟವೆಲಿನ ಹಿಂದಿನಿಂದ ಉತ್ತರ ಬಂತು. "ಸೋಮವಾರ. ಮೊಮ್ಮಗಳು ಎಳಿಲ್‌ಗೆ ಆಡಿ ಕಳೆದು ಆವಣಿ ತಿಂಗಳಲ್ಲಿ ಕಲ್ಯಾಣ. ತಾಯ್ಮನೆ ಸೀರು, ನಮ್ಮ ಕಡೆ ಉಡುಗೊರೆ ಅಂತ ಸಾಮಿ ಕಾರು ಕಳಿಸ್ತೀನಿ ಅಂದೆ. ಬೇಡ ಅಪ್ಪಾ ಅಂದ್ಳು. ನಾನು ಕೇಳ್ಲಿಲ್ಲ."

*

ನಾಗಮ್ಮಾಳ್‌ಳ ಗಂಡನ ಮನೆಯಿರುವ ಚಿನ್ನಮನೂರಿಗೆ ಹೋಗುವ ದಾರಿಯುದ್ದಕ್ಕೂ ಮುತ್ತುಸೆಲ್ವಿ ಗಡಿಯಾರ ನೋಡುತ್ತಿದ್ದಳು. ಹೆಂಗಸನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಬೆಳಗಿನವರೆಗೆ ಬಿಟ್ಟರೆ ಮುದುಕರ ಫೋನು ಏನು ಹೇಳುತ್ತದೋ, ಆಕೆ ಏನು ಮಾಡಿಕೊಳ್ಳುತ್ತಾಳೋ. ಬಾವಿಯಿಲ್ಲದ ತೋಟ ಈ ಕಣಿವೆಯಲ್ಲಿಲ್ಲ.

"ವೇಗವಾಗಿ ಓಡಿಸು."

"ಬ್ರೇಕ್ ಇದೆಯಲ್ಲಮ್ಮ ನಮ್ಮ ಜೀಪಿಗೆ?" ಎಂದು ಮಣಿಮೇಗಲೈ ತಮಾಷೆಗೆ ಹೋಗಿ, ಮೇಡಂ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಬಸ್ ಸ್ಟ್ಯಾಂಡ್ ಹಿಂದಿನ ಬೀದಿ. ಕೆಳಗೆ ಗಂಡನ ಟೂವೀಲರ್ ಬಿಡಿಭಾಗಗಳ ಅಂಗಡಿ, ಮೇಲೆ ಮನೆ. ಗಂಡ ಮಧುರೈಗೆ ಸರಕಿಗೆ ಹೋಗಿದ್ದ. ಬಾಗಿಲು ತೆಗೆದವಳು ಹಸಿರು ಸೀರೆ ಉಟ್ಟಿರಲಿಲ್ಲ, ಆದರೂ ಮುತ್ತುಸೆಲ್ವಿ ಥಟ್ಟನೆ ಗುರುತು ಹಿಡಿದಳು. ಚಿಲಕ ಹಿಡಿದ ಎಡಗೈ ಮಣಿಕಟ್ಟು ಸೊಟ್ಟಗಿತ್ತು.

ನಾಗಮ್ಮಾಳ್ ಯೂನಿಫಾರಂ ನೋಡಿದಳು. ಓಡಲಿಲ್ಲ, ಅಳಲಿಲ್ಲ. ಮೊದಲು ಕೇಳಿದ್ದು ಒಂದೇ.

"ಆ ಹಣ್ಣಿನಕ್ಕ?"

"ಇವತ್ತು ಮಧ್ಯಾಹ್ನ ಕಣ್ಣು ಬಿಟ್ಟಿದ್ದಾರೆ. ಮಗನ ಹೆಸರು ಹಿಡಿದು ಕರೆದರಂತೆ. ಉಳೀತಾರೆ."

ನಾಗಮ್ಮಾಳ್ ಬಾಗಿಲ ಚೌಕಟ್ಟಿಗೆ ಒರಗಿ ನಿಧಾನವಾಗಿ ನೆಲಕ್ಕೆ ಕೂತಳು. ಒಳಗಿಂದ ಮಗಳು ಎಳಿಲ್ ಓಡಿ ಬಂದು ಅಮ್ಮನ ಭುಜ ಹಿಡಿದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ಕಣ್ಣಲ್ಲಿ ಗಾಬರಿ.

"ಡ್ರೈವರ್ ಒಳಗಿದ್ದಾನೆ ಅಂತ ಗೊತ್ತಾ?" ಮುತ್ತುಸೆಲ್ವಿ ಕನ್ನಡದಲ್ಲೇ ಕೇಳಿದಳು.

"ಗೊತ್ತು. ದಿನಾ ಹೇಳ್ಬೇಕು ಅಂತ ಹೊರಡ್ತೀನಿ, ಆಸ್ಪತ್ರೆ ತನಕ ಹೋಗ್ತೀನಿ, ಬಾಯಿ ಬರಲ್ಲ. ಪಾಂಡಿಯಣ್ಣ ನನ್ನ ಎತ್ತಿ ಆಡಿಸಿದೋರು." ಅವಳು ತಲೆಯೆತ್ತಿ ಮುತ್ತುಸೆಲ್ವಿಯನ್ನು ನೋಡಿದಳು. "ಯಾರ್ಗೂ ಏನೂ ಆಗ್ಬಾರ್ದು ಅಂತ್ಲೇ ಮಾಡಿದ್ದು."

"ಬ್ರೇಕು ಕೆಡಿಸಿ?"

"ಫೇಲ್ ಆಗ್ಲಿ ಅಂತ. ಚಿಕ್ಕೋಳಾಗಿದ್ದಾಗ ಹಾಗೇ ಆಯ್ತು, ಚಕ್ರ ಹಿಡ್ಕೊಂಡು ನಿಂತೋಯ್ತು, ಅಷ್ಟೇ. ಆನಿ ಮುಗೀತಾ ಬಂತಲ್ಲ, ಇನ್ನು ಯಾವ ಕಲ್ಯಾಣಾನೂ ಇಲ್ಲ, ಮುಂದಿನ ವಾರ ಎಫ್‌ಸಿಗೆ ತಾನೇ ಹೋಗೋದು, ಅಲ್ಲಿ ನಿಂತ್ಕೊಳ್ಳುತ್ತೆ ಅಂದ್ಕೊಂಡೆ. ಈಗಿನ ಯಂತ್ರದಲ್ಲಿ ಒಂದ್ಸಲ ಫೇಲಾದ್ರೆ ಹಳೇ ಗಾಡಿನ ಬಿಡಲ್ಲ ಅಂತ ಅಂಗಡಿಗೆ ಬರೋರು ಹೇಳ್ತಿದ್ರು. ಎಫ್‌ಸಿ ಮುಗಿದೋಗಿದೆ ಅಂತ ಸಾಮಿ ಆಣೆ ನನ್ಗೆ ಗೊತ್ತಿರ್ಲಿಲ್ಲ."

"ಆ ಕಾರು ನಿಂತರೆ ನಿನಗೇನು?"

ನಾಗಮ್ಮಾಳ್ ಮಗಳ ಕಡೆ ನೋಡಿದಳು. ಆಮೇಲೆ ಸೊಟ್ಟ ಮಣಿಕಟ್ಟನ್ನು ಬಲಗೈಯಿಂದ ಸವರಿಕೊಂಡಳು.

"ಇದು ಮುರಿದ ದಿನ ನಾನು ಇವಳನ್ನ ಕಂಕುಳಲ್ಲಿ ಎತ್ಕೊಂಡು ಹನುಮಂತನಪಟ್ಟಿಗೆ ಹೋದೆ. ಅಪ್ಪ ಗೇಟು ತೆಗೀಲಿಲ್ಲ. ಗೇಟಿನ ಆಚೆ ನಿಂತು ನನಗಿಂತ ಜಾಸ್ತಿ ಅತ್ರು. ಸಾಮಿಗೆ ಬಿಟ್ಟ ಹಸು ತಿರುಗಿ ಕೊಟ್ಟಿಗೆಗೆ ಬರ್ಬಾರ್ದು ತಾಯಿ, ಸಾಮಿ ಕಾರಲ್ಲಿ ಹೋದೋಳು ನೀನು, ಸೀರುಗೀರು ಇಸ್ಕೊಳ್ಳೋಕೆ ಬಾ, ಹಬ್ಬಕ್ಕೆ ಬಾ, ಇರೋಕೆ ಬರ್ಬೇಡ ಅಂದ್ರು. ಕೈಗೆ ಮಜ್ಜಿಗೆ ಕೊಟ್ಟು ಬಸ್ಸು ಹತ್ತಿಸಿದ್ರು."

ಎಳಿಲ್ ಇದನ್ನು ಕೇಳಿದ್ದು ಅದೇ ಮೊದಲು. ಕನ್ನಡ ಆಡಲು ತಡವರಿಸುವ ಹುಡುಗಿಗೆ ಅರ್ಥವಾಗದೆ ಹೋದದ್ದು ಒಂದು ಮಾತೂ ಇರಲಿಲ್ಲ.

"ಹುಡುಗ ಒಳ್ಳೆಯೋನೇ ಇರ್ಬಹುದು" ಎಂದಳು ನಾಗಮ್ಮಾಳ್. "ನಮ್ಮ ಮನೆಯೋರೂ ಮೊದಲು ಒಳ್ಳೆಯೋರೇ. ಕಲ್ಯಾಣ ಬೇಡ ಅಂತ ನಾನೇನೂ ಅನ್ಲಿಲ್ಲ. ಆ ಕಾರಲ್ಲಿ ಹೋಗ್ಬಾರ್ದು ಇವಳು. ಬಾಡಿಗೆ ಆಟೋದಲ್ಲಿ ಹೋಗ್ಲಿ, ನಡ್ಕೊಂಡೇ ಹೋಗ್ಲಿ. ಏನಾದ್ರೂ ಆದ್ರೆ ತಿರುಗಿ ಬರೋಕೆ ಒಂದು ಗೇಟು ಬೇಕಲ್ವಾ?"

ಮುತ್ತುಸೆಲ್ವಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮುದುಕರ ಮೇಲೆ ಅಂದರೆ, ಅವರೂ ಅತ್ತಿದ್ದರು. ಕಾರಿನ ಮೇಲೆ ಅಂದರೆ, ಅದಕ್ಕೇನು ಗೊತ್ತು, ವರ್ಷವರ್ಷವೂ ಪಾಸಾಗುವುದೊಂದು ಬಿಟ್ಟು.

"ಬೆಲ್ಲ ಯಾಕಿಟ್ಟೆ?"

"ಅಪ್ಪಣೆ ಕೇಳ್ದೆ ಹೇಗಕ್ಕಾ ಮುಟ್ಟೋದು?" ನಾಗಮ್ಮಾಳ್ ನಿಜಕ್ಕೂ ಆಶ್ಚರ್ಯದಿಂದ ಕೇಳಿದಳು.

ಬಾಯಲ್ಲಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅವಳೇ ತೋರಿಸಿ ತೆಗೆದುಕೊಟ್ಟ ವಸ್ತು ನಿಲ್ಲುತ್ತದೆ. ಪಕ್ಕದ ಹೋಟೆಲಿನ ಇಬ್ಬರನ್ನು ಪಂಚರಾಗಿ ಕರೆದರು. ನಾಗಮ್ಮಾಳ್ ಅಡುಗೆಮನೆಯ ಅಟ್ಟದಿಂದ ಅರ್ಧ ಉಳಿದ ಇಂಜಿನ್ ಆಯಿಲ್ ಕ್ಯಾನು, ಸುರಿದ ಲಾಳಿಕೆ ಎರಡನ್ನೂ ಇಳಿಸಿಕೊಟ್ಟಳು. ಜಪ್ತಿ ಪಂಚನಾಮೆಗೆ ಸಹಿ ಬಿದ್ದಾಗ ಸಂಜೆ ಐದೂಮುಕ್ಕಾಲು. ಬಂಧನದ ಸುದ್ದಿಯನ್ನು ಕಾನೂನಿನಂತೆ ಮಗಳಿಗೆ ತಿಳಿಸಿ ರುಜು ಪಡೆದರು.

ಮುತ್ತುಸೆಲ್ವಿ ಮೆಟ್ಟಿಲ ಮೇಲೆ ನಿಂತು ಸರ್ಕಾರಿ ವಕೀಲರಿಗೆ ಫೋನ್ ಮಾಡಿದಳು. "ಪಾಂಡಿಯರಾಜನ್ ಬಿಡುಗಡೆಗೆ ಸೋಮವಾರ ಮೊದಲ ಹೊತ್ತಿಗೇ ಮೆಮೊ ಹಾಕಬೇಕು ಸಾರ್. ಆತ ಹೇಳಿದ್ದೆಲ್ಲ ನಿಜ."

"ಅಮ್ಮಾ, ಆ ಕಾರು ಈಗ?" ಎಳಿಲ್ ಇನ್‌ಸ್ಪೆಕ್ಟರನ್ನು ತಮಿಳಿನಲ್ಲಿ ಕೇಳಿದಳು.

"ಕೇಸಿನ ಮಾಲು. ಕೇಸು ಮುಗಿಯೋ ತನಕ ಠಾಣೆ ಅಂಗಳ ಬಿಟ್ಟು ಎಲ್ಲಿಗೂ ಹೋಗಲ್ಲ. ಆವಣಿಗಂತೂ ಇಲ್ಲ."

ನಾಗಮ್ಮಾಳ್ ಇದನ್ನು ಕೇಳಿದಳು. ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಮಣಿಮೇಗಲೈ ಜೀಪಿನ ಹಿಂಬಾಗಿಲು ತೆಗೆದು ಹಿಡಿದಳು. ಜೀಪಿನ ಮೆಟ್ಟಿಲಿಗೆ ಒಂದು ಕಾಲಿಟ್ಟ ನಾಗಮ್ಮಾಳ್ ಹಾಗೇ ನಿಂತು, ಜೀಪನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡಿದಳು. ಆಮೇಲೆ ಮುತ್ತುಸೆಲ್ವಿಯ ಕಡೆ ತಿರುಗಿದಳು.

"ಇದ್ರಲ್ಲಿ ಹೋದ್ರೆ ತಿರುಗಿ ಬರಬಹುದಲ್ವಾ ಅಕ್ಕಾ?"

"ಬರಬಹುದು" ಎಂದಳು ಮುತ್ತುಸೆಲ್ವಿ, ಮನೆಮಾತಿನಲ್ಲೇ. "ಹತ್ತು ತಾಯಿ."